ಛತ್ರಿ ಕಾರ್ಖಾನೆಯಲ್ಲಿ ಕೂತವರು

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಕಾಫಿ ಕೊಡುವುದಕ್ಕೆ ಮೊದಲು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸುತ್ತಾರೆ. ಹೊರಗಿನಿಂದ ಬಂದ ನೆಂಟರಿಗೆ ಇದು ಅವಮಾನ ಅನ್ನಿಸುತ್ತದಂತೆ. ಅನ್ನಿಸಲಿ. ಆ ಕೋಣೆಗೆ ವಾರದಿಂದ ಯಾರೂ ಕಾಲಿಟ್ಟಿರುವುದಿಲ್ಲ, ಮಂಚ ಆಗಲೇ ತೊಟ್ಟಿಲಿನಷ್ಟಾಗಿರುತ್ತದೆ, ಬಂದವರನ್ನು ಅಲ್ಲಿ ಕೂರಿಸದೆ ಇನ್ನೆಲ್ಲಿ ಕೂರಿಸಬೇಕು? ನಮ್ಮಲ್ಲಿ ಕಟ್ಟಡಕ್ಕೆ ಜನ ಬೇಕು. ಜನ ಬಿಟ್ಟ ಕಟ್ಟಡ ದಿನದಿಂದ ದಿನಕ್ಕೆ ಕುಗ್ಗುತ್ತದೆ, ಒಳಗಿರುವ ಸಾಮಾನಿನ ಸಮೇತ. ಮತ್ತೆ ಜನ ಹೋಗಿ ಕೂತರೆ ತನ್ನ ಅಳತೆಗೆ ಬರುತ್ತದೆ. ಬಾಗಿಲಲ್ಲಿ ಒಬ್ಬರು ತೂರುವಷ್ಟು ಜಾಗ ಇರುವ ತನಕ ಆಸೆ ಇಟ್ಟುಕೊಳ್ಳಬಹುದು. ಅದೂ ಹೋಯಿತೆಂದರೆ ಮುಗಿಯಿತು.

ಬಸ್ ನಿಲ್ದಾಣದ ಎದುರಿಗಿದ್ದ ಟಾಕೀಸು ಹಾಗೆಯೇ ಹೋಯಿತು. ಈಗ ಅದು ಅರಳಿಕಟ್ಟೆಯ ಮೇಲೆ ಒಂದು ಟಿಫನ್ ಡಬ್ಬಿಯಷ್ಟು ಉಳಿದಿದೆ, ಮಕ್ಕಳು ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಾರೆ. ಚುನಾವಣೆಯಲ್ಲಿ ಸೋತ ಎಂಎಲ್ಎಯ ಬಂಗಲೆ ಒಂದೇ ಮಳೆಗಾಲದಲ್ಲಿ ಅರ್ಧಕ್ಕಿಳಿದಿತ್ತು, ಅವರು ಪಕ್ಷ ಬದಲಾಯಿಸಿದ ಮೇಲೆ ಮತ್ತೆ ಬೆಳೆಯಿತು. ನಾಲ್ಕು ಗೋಡೆ, ಒಂದು ಬಾಗಿಲು ಇದ್ದರೆ ಸಾಕು, ಮನೆಯೇ ಆಗಬೇಕೆಂದಿಲ್ಲ. ಕೆಟ್ಟು ನಿಂತ ಬಸ್ಸಿನಲ್ಲಿ ಡಿಪೋದವರು ಸರದಿ ಹಾಕಿಕೊಂಡು ಕೂರುತ್ತಾರೆ. ಹಾಲಿನ ಶಿವಲಿಂಗಪ್ಪ ತನ್ನ ವ್ಯಾನು ನಿಲ್ಲಿಸಿ ಕಾಶಿಗೆ ಹೋಗಿ ಬರುವಷ್ಟರಲ್ಲಿ ಅದು ಕೋಳಿಗೂಡಿನಷ್ಟಾಗಿತ್ತು. ಈಗ ಅದರಲ್ಲಿ ಕೋಳಿಯೇ ಇದೆ. ಕೋಳಿ ಕೂತರೆ ಏನೂ ಬೆಳೆಯುವುದಿಲ್ಲ, ಮನುಷ್ಯರೇ ಆಗಬೇಕು. ಹೀಗಾಗಿ ಖಾಲಿ ಮನೆ ಕಂಡರೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುವುದು ನಮಗೆ ಚಿಕ್ಕಂದಿನಿಂದ ಮೈಗೂಡಿದ ಮರ್ಯಾದೆ. ಮನೆ ಯಾರದು ಅಂತ ಕೇಳುವುದಿಲ್ಲ. ಈ ಮರ್ಯಾದೆಯೇ ನಮ್ಮನ್ನು ಹೆಚ್ಚುಕಮ್ಮಿ ಮುಳುಗಿಸಿತ್ತು, ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ಹೆಸರು ಚಿಕ್ಕತಾಯಮ್ಮ. ಛತ್ರಿ ಕಾರ್ಖಾನೆಯ ಚೆಕಿಂಗ್‌ನಲ್ಲಿದ್ದವಳು. ಹೊಲಿದು ಮುಗಿದ ಛತ್ರಿ ನನ್ನ ಮೇಜಿಗೆ ಬರುತ್ತಿತ್ತು, ಬಿಚ್ಚುತ್ತಿದ್ದೆ, ಕಡ್ಡಿಗಳ ಸುತ್ತ ಕಣ್ಣು ಹಾಯಿಸುತ್ತಿದ್ದೆ, ಮುಚ್ಚಿ ಪಕ್ಕಕ್ಕಿಟ್ಟು "ಮುಂದಿನದು" ಅನ್ನುತ್ತಿದ್ದೆ. ಮದುವೆಯಾದ ವರ್ಷದಿಂದ ಇದೇ ಕೆಲಸ. ಮನೆಯಲ್ಲಿ ಮುದ್ದೆ ಬಡಿಸುವಾಗಲೂ ಬಾಯಲ್ಲಿ "ಮುಂದಿನದು" ಅಂತ ಬಂದುಬಿಡುತ್ತಿತ್ತು. ನನ್ನ ಗಂಡ ಬೋರಯ್ಯನವರು ಆಗ ತಟ್ಟೆ ಹಿಡಿದುಕೊಂಡು, "ನಂದು ಪಾಸಾಯ್ತಾ, ಇಲ್ಲ ವಾಪಸ್ ಹೊಲಿಗೆಗೆ ಕಳಿಸ್ತೀಯಾ?" ಅಂತ ರೇಗಿಸುತ್ತಿದ್ದರು. ಅವರದೂ ಅದೇ ಕಾರ್ಖಾನೆ, ಬೆತ್ತಕ್ಕೆ ಆವಿ ಕೊಟ್ಟು ಹಿಡಿ ಬಗ್ಗಿಸುವ ಕೆಲಸ. ಪಕ್ಕದ ಮನೆಯ ಮುಬೀನಾ ಹೊಲಿಗೆ ವಿಭಾಗದಲ್ಲಿದ್ದಳು. ಊರಿನ ಅರ್ಧ ಜನ ಅಲ್ಲೇ ಇದ್ದರು ಅನ್ನಿ.

ಒಂದು ಸೋಮವಾರ ಮ್ಯಾನೇಜರು ಎಲ್ಲರನ್ನೂ ಹೊರಗೆ ಕರೆದು, ಇನ್ನು ಮುಂದೆ ಛತ್ರಿಗಳು ಬೇರೆ ದೇಶದಲ್ಲಿ ತಯಾರಾಗುತ್ತವೆ, ಅಲ್ಲಿ ಕೂಲಿ ಕಡಿಮೆ, ಯಾರ ಮೇಲೂ ಕಂಪನಿಗೆ ಕೋಪವಿಲ್ಲ ಅಂತ ಹೇಳಿದರು. ಕೋಪ ಇರಬೇಕಾದದ್ದು ಯಾರಿಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೇಟಿಗೆ ಬೀಗ ಬಿತ್ತು. ವಿಚಿತ್ರವೆಂದರೆ ಒಂದು ಯಂತ್ರವನ್ನೂ ಬಿಚ್ಚಲಿಲ್ಲ, ಒಂದು ಮೇಜನ್ನೂ ಸಾಗಿಸಲಿಲ್ಲ. ಕೆಲವು ದಿನ ಕಳೆದ ಮೇಲೆ ಉದ್ದದ ಲಾರಿಯೊಂದು ಕಬ್ಬಿಣದ ಕಂಟೇನರ್ ಹೊತ್ತುಕೊಂಡು ಬಂದು ಗೇಟಿನ ಪಕ್ಕ ನಿಂತಿತು. ಆಗ ಅರ್ಥವಾಯಿತು. ಕಾರ್ಖಾನೆಯನ್ನು ಬಿಚ್ಚಿ ಒಯ್ಯುವ ಯೋಚನೆಯೇ ಅವರಿಗಿರಲಿಲ್ಲ. ನಾವು ಹೊರಗಿದ್ದರೆ ಅದು ತಾನಾಗಿ ಕುಗ್ಗುತ್ತದೆ. ಕಂಟೇನರಿನೊಳಗೆ ಹಿಡಿಸುವಷ್ಟು ಕುಗ್ಗಿದ ದಿನ ಕ್ರೇನಿನಲ್ಲಿ ಎತ್ತಿ ಒಳಗಿಟ್ಟು ಹಡಗಿಗೆ ಹಾಕುತ್ತಾರೆ. ಅಲ್ಲಿ ಇಳಿಸಿ, ಬಾಗಿಲಲ್ಲಿ ಒಬ್ಬನನ್ನು ತೂರಿಸಿ, ಹಿಂದೆ ಹತ್ತಾರು ಜನರನ್ನು ಬಿಟ್ಟರೆ ಕಾರ್ಖಾನೆ ಸಿದ್ಧ.

ನಮ್ಮನ್ನು ಹೊರಗಿಡುವ ಕೆಲಸ ಸರ್ಕಾರದ್ದು. ಅದಕ್ಕೆ ನೆರವು ಅಂತ ಹೆಸರು. ಉತ್ಪಾದನೆ ಪರದೇಶಕ್ಕೆ ಹೋಗಿ ಕೆಲಸ ಕಳೆದುಕೊಂಡವರಿಗೆ ತಿಂಗಳು ತಿಂಗಳು ಹಣ, ಜೊತೆಗೆ ಹೊಸ ಕಸುಬಿನ ತರಬೇತಿ. ಎರಡೇ ಷರತ್ತು. ತರಬೇತಿಗೆ ದಿನಾ ಹಾಜರಾಗಬೇಕು. ಮನೆಯ ಒಬ್ಬರೇ ಒಬ್ಬರು ಕಾರ್ಖಾನೆಯೊಳಗೆ ಕಾಲಿಟ್ಟರೂ ಇಡೀ ಮನೆಯ ನೆರವು ನಿಲ್ಲುತ್ತದೆ. ಇದನ್ನು ನೋಡಿಕೊಳ್ಳಲು ಬಂದ ಅಧಿಕಾರಿ ವಾಮನಮೂರ್ತಿ ಕೆಟ್ಟ ಮನುಷ್ಯರೇನಲ್ಲ. ಬಿಸಿಲಲ್ಲಿ ನಿಂತ ಹೆಂಗಸರಿಗೆ ತಮ್ಮ ಕುರ್ಚಿ ಬಿಟ್ಟುಕೊಡುತ್ತಿದ್ದರು.

"ಕಾರ್ಖಾನೆಗೆ ಹೋಗಿ ಬರೋರನ್ನ ಕೆಲಸ ಕಳ್ಕೊಂಡೋರು ಅಂತ ನಾನು ಹೇಗಮ್ಮ ಬರೀಲಿ?" ಅಂದರು.

"ಹಂಗಂದ್ರೆ ಸಾರ್, ನೀವು ಕೊಡ್ತಿರೋದು ನಾವು ಹೊರಗಿರೋದಕ್ಕೆ ಸಂಬಳ" ಅಂದೆ.

ಅವರು ಪೆನ್ನು ನನ್ನ ಕಡೆ ಸರಿಸಿದರು. ನಾನು ರುಜು ಹಾಕಿದೆ. ಹಾಕದೆ ಏನು ಮಾಡಲಿ, ಹೊಟ್ಟೆ ಕೇಳಬೇಕಲ್ಲ. ಆದರೆ ಆ ಹಣದಲ್ಲಿ ತಂದ ಅಕ್ಕಿ ಬೇಯಿಸುವಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ತರಬೇತಿ ಕೇಕ್ ಮಾಡುವುದರಲ್ಲಿ. ರಾಜಧಾನಿಯಲ್ಲಿ ಯಾರೋ ಹಾಗೆ ತೀರ್ಮಾನ ಮಾಡಿದ್ದರು. ತರಬೇತಿ ನಡೆಸಲು ಕಚೇರಿಗೆ ಕಟ್ಟಡವಿರಲಿಲ್ಲ. ಕಂಪನಿಯವರು ದೊಡ್ಡ ಮನಸ್ಸು ಮಾಡಿ, ನಮ್ಮ ಕಂಟೇನರ್ ಖಾಲಿ ನಿಂತಿದೆ, ಹೇಗಿದ್ದರೂ ನೆರಳಿದೆ, ಅಲ್ಲೇ ನಡೆಸಿಕೊಳ್ಳಿ ಅಂದರು. ಕಬ್ಬಿಣದ ಡಬ್ಬಿಯೊಳಗೆ ಒಂದು ಸರ್ಕಾರಿ ಓವನ್ ಬಂದು ಕೂತಿತು. ಬೆತ್ತ ಬಗ್ಗಿಸಿ ಬಗ್ಗಿಸಿ ಕಲ್ಲಾದ ಕೈಯಲ್ಲಿ ಬೋರಯ್ಯನವರು ಮೊಟ್ಟೆ ಒಡೆಯುವುದನ್ನು ನೋಡಬೇಕಿತ್ತು. ಅವರ ಮೊದಲನೆಯ ಕೇಕಿನಿಂದ ಗೋಡೆಗೆ ಮೊಳೆ ಹೊಡೆಯಬಹುದಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ. ಬರುಬರುತ್ತಾ ಅವರಿಗೆ ಹದ ಸಿಕ್ಕಿತು. ಆವಿಯ ಮುಂದೆ ನಿಂತವರಲ್ಲವೇ, ಓವನ್ನಿನ ಬಾಗಿಲು ತೆಗೆಯದೆ ಮೂಗಿನಲ್ಲೇ ಬೆಂದಿದ್ದು ಹೇಳುತ್ತಿದ್ದರು. ಕಿತ್ತಳೆ ಸಿಪ್ಪೆ ತುರಿದು ಹಾಕಿ ಒಂದು ಕೇಕ್ ಮಾಡಿದರು, ಅದನ್ನು ತಿಂದ ವಾಮನಮೂರ್ತಿ ಎರಡನೇ ತುಂಡು ಕೇಳಿದರು. ತರಬೇತಿ ಮುಗಿಸಿದವರಿಗೆ ಸರ್ಕಾರ ಒಂದೊಂದು ಓವನ್ ಕೊಡುತ್ತದೆ ಅಂತ ಸುದ್ದಿಯಿತ್ತು. ಅಂದಿನಿಂದ ಅವರು ನಮ್ಮ ಜಗುಲಿಯನ್ನು ಬೇರೆ ಥರ ನೋಡಲು ಶುರುಮಾಡಿದರು, ಇಲ್ಲಿ ಗಾಜಿನ ಪೆಟ್ಟಿಗೆ, ಇಲ್ಲಿ ಬೋರ್ಡು ಅಂತ.

ಕಂಟೇನರಿನ ಬಾಗಿಲಿನಿಂದ ಕಾರ್ಖಾನೆ ಕಾಣುತ್ತಿತ್ತು. ನಾನು ಮೈದಾ ಜರಡಿ ಹಿಡಿಯುತ್ತ ಅದನ್ನೇ ನೋಡುತ್ತಿದ್ದೆ. ಮಾಳಿಗೆ ಮನೆಯಷ್ಟಾಯಿತು, ಆಮೇಲೆ ಎರಡು ಕೋಣೆಯ ಮನೆ, ಆಮೇಲೆ ದನದ ಕೊಟ್ಟಿಗೆ. ಕಾಂಪೌಂಡಿನೊಳಗೆ ಬರೀ ಬಯಲು, ನಡುವೆ ಆ ಪುಟ್ಟ ಕಟ್ಟಡ, ಅದರ ನೆತ್ತಿಯ ಮೇಲೆ ಲೋಟದಷ್ಟು ಸೈರನ್ನು. ಪ್ರತಿದಿನ ಬೆಳಿಗ್ಗೆ ಗುತ್ತಿಗೆದಾರನ ಆಳು ಬಂದು ಗೇಟು ತೆಗೆದು ಟೇಪು ಹಿಡಿದು ಅಳೆಯುತ್ತಿದ್ದ. ಹೊರಗೆ ಲಾರಿ ಡ್ರೈವರ್ ಮುರುಗೇಶ ತನ್ನ ಕ್ಯಾಬಿನ್ನಿನಲ್ಲಿ ಮಲಗಿ, ರಸ್ತೆ ಬದಿಯಲ್ಲಿ ಅನ್ನ ಮಾಡಿಕೊಂಡು, ಊರಿಗೆ ಹೋಗುವ ದಿನ ಕಾಯುತ್ತಿದ್ದ.

ಹಬ್ಬದ ರಜೆ ಬಂತು. ರಜೆ ಮುಗಿಸಿ ತರಬೇತಿಗೆ ಹೋದ ದಿನ ಬೋರಯ್ಯನವರ ಹಣೆಗೆ ಕಂಟೇನರಿನ ಬಾಗಿಲ ಪಟ್ಟಿ ಫಟ್ಟಂತ ಬಡಿಯಿತು. ರಜೆಗೆ ಮೊದಲು ಅದೇ ಬಾಗಿಲಲ್ಲಿ ತಲೆಗೆ ಟವಲ್ ಸುತ್ತಿಕೊಂಡು ನೆಟ್ಟಗೆ ನಡೆದು ಹೋಗುತ್ತಿದ್ದ ಮನುಷ್ಯ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಾಗಿಲು ನೋಡಿದೆ, ಓವನ್ ನೋಡಿದೆ, ಅದೂ ಒಂದಿಷ್ಟು ಇಳಿದಿತ್ತು. ಈ ಡಬ್ಬಿಗೂ ನಾಲ್ಕು ಗೋಡೆ, ಒಂದು ಬಾಗಿಲು. ನಾವು ಬರದಿದ್ದರೆ ಇದೂ ಕುಗ್ಗುತ್ತದೆ. ಇಷ್ಟು ದಿನ ಕುಗ್ಗದೆ ನಿಂತದ್ದು ನಾವು ದಿನಾ ಬಂದು ಕೂರುತ್ತಿದ್ದುದರಿಂದ. ಕಂಪನಿಯವರ ದೊಡ್ಡ ಮನಸ್ಸು ಇದಕ್ಕೇ.

ಪಕ್ಕದಲ್ಲಿದ್ದ ಮುಬೀನಾಗೆ ಹೇಳಿದೆ. ಅವಳ ಮುಖ ಸಣ್ಣಗಾಯಿತು.

"ರಜೇಲೂ ನಾನು ಎರಡು ಸಲ ಬಂದು ಕೂತು ಹೋದೆ ಅಕ್ಕ" ಅಂದಳು. "ಪಾಪ, ಪರಊರಿನೋರ ಡಬ್ಬಿ, ಯಾರೂ ಇಲ್ಲದೆ ಕುಗ್ಗಿಹೋದ್ರೆ ಆ ಡ್ರೈವರ್ ಮಾಲೀಕರಿಗೆ ಏನ್ ಉತ್ತರ ಕೊಡ್ತಾನೆ ಅಂತ."

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಮ್ಮೂರಿನವರು ಯಾರಾದರೂ ಅದನ್ನೇ ಮಾಡುತ್ತಿದ್ದರು. ಕಳ್ಳ ಚೀಲ ತಂದರೆ ಬಾಯಿ ಅಗಲ ಮಾಡಿ ಹಿಡಿದುಕೊಳ್ಳುವ ಜಾತಿ ನಾವು.

ಸಂಜೆ ಮನೆಯಲ್ಲಿ ಜಗಳವಾಯಿತು. ಬೋರಯ್ಯನವರು ಹಣೆಗೆ ಅರಿಸಿನ ಹಚ್ಚಿಕೊಂಡು ಕೂತಿದ್ದರು.

"ನಾಳೆಯಿಂದ ಡಬ್ಬಿಗೆ ಯಾರೂ ಹೋಗೋದು ಬೇಡ. ಎಲ್ಲರೂ ಕಾರ್ಖಾನೆಗೆ ಹೋಗಿ ಕೂರಾಣ" ಅಂದೆ.

"ನೆರವು ನಿಲ್ಲುತ್ತೆ."

"ನಿಲ್ಲಲಿ."

"ಓವನ್ನೂ ಬರಲ್ಲ" ಅಂದರು. ಆಮೇಲೆ ಬೆರಳಿನ ಅರಿಸಿನ ಟವಲ್ಲಿಗೆ ಒರೆಸಿಕೊಂಡು ಹೇಳಿದರು, "ಆ ಕಾರ್ಖಾನೆ ನಂಗೇನು ಕೊಡ್ತು ಹೇಳು. ಎರಡು ಬೆರಳು ಬೇಯಿಸಿ ಕೊಡ್ತು. ಇಷ್ಟು ವಯಸ್ಸಿಗೆ ಒಂದು ಕೆಲಸ ಇಷ್ಟಪಟ್ಟು ಮಾಡ್ತಿದೀನಿ ತಾಯಿ. ಅದನ್ನೂ ಬಿಡು ಅಂತೀಯ."

ಆ ಮಾತು ನನಗೆ ನೆಟ್ಟಗೆ ಎದೆಗೆ ತಾಗಿತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಹೋದರೆ ಅವರ ನೆರವೂ ಹೋಗುತ್ತದೆ, ಒಂದೇ ಮನೆ. ಆದರೆ ಆ ಕೊಟ್ಟಿಗೆಯಷ್ಟರ ಕಟ್ಟಡ ಕಣ್ಣ ಮುಂದೆ ಬಂದಾಗ ನನ್ನ ಹಟವೂ ಸುಳ್ಳಾಗಿರಲಿಲ್ಲ. ನನ್ನ ಇಡೀ ಹರೆಯ ಅದರೊಳಗಿದೆ. ಅದನ್ನು ಡಬ್ಬಿಗೆ ತುಂಬಿಸಿ ಕಳಿಸಲು ನಾನು ಜರಡಿ ಹಿಡಿದುಕೊಂಡು ಕಾಯಬೇಕೆ?

"ನೀವು ಇಷ್ಟಪಟ್ಟಿದ್ದು ನೀವು ಮಾಡಿ. ನಾನು ಇಷ್ಟಪಟ್ಟ ಕಡೆ ಕೂರ್ತೀನಿ. ಶಾಪ ಹಾಕ್ಬೇಕಾದ್ರೆ ಹಾಕಿ" ಅಂದೆ.

ಬೆಳಿಗ್ಗೆ ಅಳೆಯುವ ಆಳು ಗೇಟು ತೆಗೆದ ಹಿಂದೆಯೇ ಒಳಗೆ ನಡೆದೆ. ಅವನು "ಅಮ್ಮ, ಅಮ್ಮ" ಅನ್ನುತ್ತಾ ಟೇಪು ಬಿಟ್ಟು ಓಡಿಬಂದ, ಅಷ್ಟರಲ್ಲಿ ನಾನು ಬಾಗಿಲ ಹತ್ತಿರ ಇದ್ದೆ. ಬಾಗಿಲು ನನ್ನ ಸೊಂಟಕ್ಕೆ ಬರುತ್ತಿತ್ತು. ಮೊಣಕಾಲೂರಿ ತೂರಿದೆ, ಭುಜ ತರಚಿತು. ಒಳಗೆ ಹೊಲಿಗೆ ಯಂತ್ರಗಳು ಬೆಂಕಿಪೊಟ್ಟಣದಂತೆ ಸಾಲಾಗಿ ನಿಂತಿದ್ದವು. ನನ್ನ ಚೆಕಿಂಗ್ ಮೇಜು ಒಂದು ಗೇಣು. ಅದರ ಮೇಲೆ ಕೊನೆಯ ದಿನ ನಾನು ಬಿಚ್ಚದೆ ಬಿಟ್ಟ ಕರಿ ಛತ್ರಿಗಳ ಕಟ್ಟು ಗುಂಡುಸೂಜಿಗಳ ಹಾಗೆ ಬಿದ್ದಿತ್ತು. ಗೋಡೆಗೆ ಬೆನ್ನು ಕೊಟ್ಟು, ಯಂತ್ರಗಳನ್ನು ತುಳಿಯದ ಹಾಗೆ ಕಾಲು ಮಡಚಿ ಕೂತೆ. ಅಳು ಬಂತು. ಅತ್ತೆ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಇನ್ನೂ ಗಟ್ಟಿಯಾಗಿ ಕೂತೆ.

ವಾಮನಮೂರ್ತಿ ಬಂದು ಬಾಗಿಲ ಹೊರಗೆ ಕುಕ್ಕರಗಾಲಿನಲ್ಲಿ ಕೂತರು.

"ಈಚೆ ಬನ್ನಿ ತಾಯಮ್ಮ. ಯಾರೂ ನೋಡಿಲ್ಲ ಅಂದ್ಕೊಳ್ತೀನಿ" ಅಂದರು.

"ನೀವು ನೋಡಿದ್ರಲ್ಲ ಸಾರ್."

"ನಿಮ್ಮ ಯಜಮಾನ್ರದ್ದೂ ನಿಲ್ಲಿಸಬೇಕಾಗುತ್ತೆ. ಪರೀಕ್ಷೆ ಹತ್ರ ಬಂದಿದೆ, ಅವರೇ ಚೆನ್ನಾಗಿ ಮಾಡ್ತಿರೋದು."

"ಅವರನ್ನೇ ಕೇಳಿ. ನಾನಂತೂ ಏಳಲ್ಲ. ನಿಮ್ಮ ದುಡ್ಡು ಬರೋಕೆ ಮೊದಲೂ ನಾನು ಇಲ್ಲೇ ಇದ್ದೆ."

ಒಬ್ಬಳು ಕೂತರೆ ಅಷ್ಟು ದೊಡ್ಡ ಕಟ್ಟಡ ಕುಗ್ಗುವುದು ನಿಲ್ಲುತ್ತದೆ, ಬೆಳೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಒಂದು ಕೈ ಕಂಡಿತು, ಹಸಿರು ಬಳೆಗಳು. ಮುಬೀನಾ ತೂರಿಕೊಂಡು ಬಂದಳು, ಹಿಂದೆಯೇ ಊಟದ ಡಬ್ಬಿ.

"ಸರ್ಕೊಳಕ್ಕ" ಅಂದಳು. "ನಾನು ಅಲ್ಲಿ ಕೂತ ಪಾಪ ಇಲ್ಲಿ ಕೂತು ಕಳ್ಕೋತೀನಿ."

ಅವಳ ಹಿಂದೆ ಹೊಲಿಗೆಯವರು, ಕಡ್ಡಿ ಜೋಡಿಸುವವರು, ಪ್ಯಾಕಿಂಗ್‌ನವರು ಒಬ್ಬೊಬ್ಬರಾಗಿ ತೂರಿದರು. ಮಡಿಲ ಮೇಲೆ ಮಡಿಲು, ಮೊಣಕೈಗೆ ಮೊಣಕೈ. ಯಾರೋ ಜಾಗ ಇಲ್ಲ ಅಂದರು, ಇನ್ನಾರೋ ಜಾಗ ಮಾಡೋಕೇ ಬಂದಿರೋದು ಅಂದರು. ಬಿಸಿಲು ಇಳಿಯುವ ಮೊದಲು ನನ್ನ ಬೆನ್ನಿಗೆ ಒತ್ತುತ್ತಿದ್ದ ಗೋಡೆ ಮೆಲ್ಲಗೆ ಹಿಂದೆ ಸರಿಯಿತು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು.

ಆಗ ಹೊರಗೆ ಗದ್ದಲವಾಯಿತು. ಇಣುಕಿದರೆ ಬೋರಯ್ಯನವರು ಸರ್ಕಾರಿ ಓವನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಬರುತ್ತಿದ್ದಾರೆ, ಹಿಂದೆ ಡ್ರೈವರ್ ಮುರುಗೇಶ ಗ್ಯಾಸ್ ಸಿಲಿಂಡರು ಉರುಳಿಸಿಕೊಂಡು. ವಾಮನಮೂರ್ತಿ ಅಡ್ಡ ನಿಂತರು.

"ಬೋರಯ್ಯ, ಅದು ಸರ್ಕಾರದ್ದು."

"ಹೌದು ಸಾರ್. ತರಬೇತಿನೂ ಸರ್ಕಾರದ್ದೇ. ಇನ್ಮೇಲೆ ಇಲ್ಲೇ ನಡೀತದೆ. ನಾನು ಒಂದು ದಿನಾನೂ ತಪ್ಪಿಸಲ್ಲ. ಹಾಜರಿ ಬೇಕಿದ್ರೆ ನೀವು ಒಳಗೆ ಬಂದು ತಗೊಳಿ."

"ನಿಮ್ಮ ಹೆಸರು ಹೊಡೆದುಹಾಕಬೇಕಾಗುತ್ತೆ."

"ಹೊಡೀರಿ. ಕೇಕು ಮಾಡೋಕೆ ಹೆಸರು ಬೇಡ, ಮೊಟ್ಟೆ ಬೇಕು."

ನನಗೆ ಆ ಗಳಿಗೆಯಲ್ಲಿ ಆ ಮನುಷ್ಯನ ಮೇಲೆ ಬಂದ ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ. ಓವನ್ ಬಾಗಿಲಲ್ಲಿ ಹಿಡಿಸಲಿಲ್ಲ. ಅವರು ಅದನ್ನು ಕೆಳಗಿಟ್ಟು, ತಾವು ಮೊದಲು ಒಳಗೆ ತೂರಿ, ನನ್ನ ಪಕ್ಕ ಜಾಗ ಮಾಡಿಕೊಂಡು ಕೂತರು. ಬೆಲ್ಲದ ಅಚ್ಚಿನ ಹಾಗೆ ಊದಿದ ಹಣೆ. ಕತ್ತಲಾಗುವ ಮೊದಲು ಬಾಗಿಲು ಓವನ್ನಿನಷ್ಟಾಯಿತು.

ಆಮೇಲೆ ನಾವು ಜಾಗ ಖಾಲಿ ಬಿಡಲಿಲ್ಲ. ಸರದಿ ಹಾಕಿಕೊಂಡೆವು, ಅದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಾರ್ಖಾನೆ ಕೊಟ್ಟಿಗೆಯಿಂದ ಮನೆಯಾಯಿತು, ಮನೆಯಿಂದ ಮಾಳಿಗೆಯಾಯಿತು. ಹೊರಗೆ ಲಾರಿಯ ಮೇಲೆ ಕಂಟೇನರ್ ಒಂಟಿಯಾಗಿ ನಿಂತು ಇಳಿಯುತ್ತ ಹೋಯಿತು. ಅದರ ಮುಂದೆ ಹಾದು ಹೋಗುವಾಗ ಊರಿನ ಜನ ಕಷ್ಟಪಟ್ಟು ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಖಾಲಿ ಬಾಗಿಲು ಕಂಡೂ ಒಳಗೆ ಹೋಗಿ ಕೂರದಿರುವುದು ನಮಗೆ ಎಂಥ ಹಿಂಸೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಮುಬೀನಾ ಒಂದು ದಿನ ಅರ್ಧ ದಾರಿ ಹೋಗಿ ವಾಪಸು ಬಂದಳು.

ಕಂಪನಿಯವರು ಮುರುಗೇಶನಿಗೆ ಫೋನ್ ಮಾಡಿ, ನೀನೇ ಒಳಗೆ ಹೋಗಿ ಕೂತುಕೋ ಅಂದರಂತೆ. ಅವನು ನಮ್ಮೆದುರಿಗೇ ಉತ್ತರ ಕೊಟ್ಟ.

"ನನ್ನನ್ನ ಕರೆಸಿರೋದು ಓಡಿಸೋಕೆ ಸಾರ್. ಕೂರೋ ಕೆಲಸಕ್ಕೆ ಬೇರೆ ಸಂಬಳ ಆಗುತ್ತೆ. ಈ ಊರಲ್ಲಿ ಅದು ಜಾಸ್ತಿ."

ಅವನು ಹೊರಟ ದಿನ ಅಷ್ಟುದ್ದದ ಲಾರಿಯ ಮೇಲೆ ಒಂದು ಬಟ್ಟೆಯ ಬೀರುವಿನಷ್ಟು ಡಬ್ಬಿ, ಉರುಳದಂತೆ ಹಗ್ಗ ಕಟ್ಟಿತ್ತು. ಬೋರಯ್ಯನವರು ದಾರಿಗೆ ಅಂತ ಅವನಿಗೆ ಒಂದು ಕಿತ್ತಳೆ ಕೇಕ್ ಕೊಟ್ಟರು.

ವಾಮನಮೂರ್ತಿ ಕೊನೆಯ ಸಲ ಬಂದಾಗ ಬಾಗಿಲಲ್ಲಿ ನೆಟ್ಟಗೆ ನಡೆದು ಬರುವಷ್ಟು ಎತ್ತರವಿತ್ತು. ಆದರೂ ಹೊಸ್ತಿಲಲ್ಲೇ ನಿಂತರು.

"ಒಳಗೆ ಬನ್ನಿ ಸಾರ್, ಕೂತು ಹೋಗಿ" ಅಂದೆ. "ಆ ಬಲಗಡೆ ಮೂಲೆ ಇನ್ನೂ ಹಿಂದೆ ಬಿದ್ದಿದೆ."

ಅವರು ಬಂದರು. ಮೂಲೆಯಲ್ಲಿ ಸ್ಟೂಲು ಹಾಕಿ ಕೊಟ್ಟೆ. ಟೀ ಕುಡಿದರು, ಕೇಕ್ ತಿಂದರು, ಮೇಲೆ ಚಾವಣಿ ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, "ನಿಮ್ಮೆಲ್ಲರ ಹೆಸರು ತೆಗೆದಾಯ್ತು. ಇನ್ನು ನಿಮಗೆ ಏನೂ ಬರಲ್ಲ. ಕಂಪನಿಯೋರು ಕೋರ್ಟಿಗೆ ಹೋಗ್ತಾರಂತೆ" ಅಂದರು.

"ಹೋಗ್ಲಿ ಸಾರ್. ಕೋರ್ಟಿನಲ್ಲೂ ಜನ ಕೂತಿದ್ರೆ ಒಳ್ಳೇದೇ" ಅಂದೆ.

ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಎದ್ದು ಹೋದರು. ಅವರು ಕೂತಿದ್ದಷ್ಟು ಹೊತ್ತಿಗೆ ಮೂಲೆ ಒಂದು ಗೇಣು ಬೆಳೆದಿತ್ತು. ಅದನ್ನು ಅವರಿಗೆ ಹೇಳಲಿಲ್ಲ.

ಈಗ ನೆರವು ಇಲ್ಲ, ಕರೆಂಟೂ ಕಿತ್ತಿದ್ದಾರೆ, ಗೇಟಿನ ಮೇಲೆ ಏನೇನೋ ನೋಟಿಸು ಅಂಟಿಸಿದ್ದಾರೆ. ಬೋರಯ್ಯನವರ ಕೇಕ್ ಬಸ್ ನಿಲ್ದಾಣದಲ್ಲಿ ಮಾರಾಟವಾಗುತ್ತದೆ, ಅದರಲ್ಲಿ ಎಲ್ಲರಿಗೂ ಒಂದು ಹೊತ್ತಿನ ಅಕ್ಕಿ ಬರುತ್ತದೆ. ಇನ್ನೊಂದು ಹೊತ್ತಿಗೆ ಎಲ್ಲಾದರೂ ಹುಡುಕುತ್ತೇವೆ. ಆದರೆ ಒಳಗೆ ಕುಗ್ಗಿದ್ದ ಬಟ್ಟೆಯ ಸುರುಳಿಗಳು, ಕಡ್ಡಿಯ ಕಟ್ಟುಗಳು ಎಲ್ಲ ತಮ್ಮ ಅಳತೆಗೆ ಬಂದಿವೆ. ನಿನ್ನೆ ಮುಬೀನಾ ಕಾಲಲ್ಲಿ ತುಳಿಯುವ ಹಳೆಯ ಯಂತ್ರಕ್ಕೆ ಎಣ್ಣೆ ಬಿಟ್ಟು, ಒಂದು ಗಂಡಸರ ಛತ್ರಿ ಹೊಲಿದು ನನ್ನ ಮೇಜಿನ ಮೇಲೆ ತಂದಿಟ್ಟಳು. ಎಲ್ಲರೂ ಸುತ್ತ ನಿಂತರು. ಬೋರಯ್ಯನವರು ಕೈಯ ಹಿಟ್ಟು ಒರೆಸಿಕೊಂಡು ಬಂದರು. ಮೊದಲ ದಿನ ನಾನು ಗೋಡೆಗೆ ಬೆನ್ನು ಅಂಟಿಸಿಕೊಂಡು ಕೂತಿದ್ದ ಜಾಗಕ್ಕೇ ಹೋಗಿ ನಿಂತು ಗುಂಡಿ ಒತ್ತಿದೆ. ಛತ್ರಿ ಪೂರ್ತಿ ಬಿಚ್ಚಿಕೊಂಡಿತು. ಒಂದು ಸುತ್ತು ತಿರುಗಿಸಿದೆ. ಯಾವ ಕಡ್ಡಿಯೂ ಎಲ್ಲಿಯೂ ಗೋಡೆಗೆ ತಾಗಲಿಲ್ಲ.

ಮುಚ್ಚಿ ಪಕ್ಕಕ್ಕಿಟ್ಟು, "ಮುಂದಿನದು" ಅಂದೆ.